ಕೋಡಿ ನೀರನ್ನು ಮಾರಿದವರು ಯಾರು?

ಬೆಂಗಳೂರಿನಲ್ಲಿ ಬಿಟಿಎಂ ಲೇಔಟ್ ಎಂದು ದಿನಕ್ಕೆ ಹತ್ತು ಸಲ ಹೇಳುತ್ತೇವೆ. ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರೂ ಕೆರೆಯ ಊರುಗಳು. ಅವುಗಳ ಹೆಸರನ್ನು ಮೂರು ಇಂಗ್ಲಿಷ್ ಅಕ್ಷರಕ್ಕೆ ಇಳಿಸಿದ ಕೈಗಳೇ ಅವುಗಳ ನೀರಿನ ಹಕ್ಕನ್ನೂ ಅಳಿಸಿ ಹಾಕಿದವು.

ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಯ ಸೊತ್ತು. ಮಡಿವಾಳ, ಅಗರ, ಬೆಳ್ಳಂದೂರು, ವರ್ತೂರು, ಅಲ್ಲಿಂದ ದಕ್ಷಿಣ ಪಿನಾಕಿನಿ. ರಾಜಕಾಲುವೆ ಎಂದರೆ ಕೆಳಗಿನೂರಿನವರ ಪಾಲು ನಡೆದುಬರುವ ದಾರಿ. ತೂಬು ಎತ್ತಿ ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಬಿಡುತ್ತಿದ್ದವನು ನೀರುಗಂಟಿ. ಬಹುಪಾಲು ಕಡೆ ಈ ಚಾಕರಿ ದಲಿತ ಮನೆತನಗಳದು. ನಡುರಾತ್ರಿಯ ಮಳೆಯಲ್ಲಿ ಏರಿಯ ಮೇಲೆ ನಿಂತು ಊರು ಕಾಯ್ದವರಿಗೆ ಸಿಕ್ಕಿದ್ದು ತುಂಡು ಇನಾಂ ಜಮೀನು, ಸುಗ್ಗಿಯಲ್ಲಿ ಒಂದಿಷ್ಟು ಕಾಳು. ಆ ಕಾಲವನ್ನು ಹೊಗಳಲು ನಾನು ಕೂತಿಲ್ಲ. ಉಳ್ಳವರ ಗದ್ದೆಯೇ ಮೊದಲು ತೋಯುತ್ತಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ತೋಟಿ, ತಳವಾರರ ಜೊತೆ ನೀರುಗಂಟಿಯ ಹುದ್ದೆಯನ್ನೂ ತೆಗೆಯಿತು. ವಂಶಪಾರಂಪರ್ಯದ ಚಾಕರಿ ತೊಲಗಿದ್ದು ನ್ಯಾಯವೇ. ಆದರೆ ಆಳುವವರೇ, ಅವನ ಕೆಲಸವನ್ನು ಯಾರಿಗೆ ಒಪ್ಪಿಸಿದಿರಿ? ತೂಬು ನೋಡುವವರು ಯಾರು, ಕಾಲುವೆಯ ಹೂಳು ಎತ್ತುವವರು ಯಾರು? ಉತ್ತರ ಕೊಡದೆ ಬಡಾವಣೆಯ ನಕ್ಷೆ ಹರಡಿದಿರಿ.

ಒಂದು ಕಾಲುವೆಯ ನೀರನ್ನು ಇನ್ನೊಂದಕ್ಕೆ ತಿರುಗಿಸಬೇಕೆಂದರೆ ಹಳ್ಳಿಯಲ್ಲಿ ನ್ಯಾಯ ಸೇರುತ್ತಿತ್ತು, ಗುದ್ದಲಿ ಹಿಡಿದು ಹೊಡೆದಾಟವೂ ಆಗುತ್ತಿತ್ತು. ಇಲ್ಲಿ ಇಡೀ ಕಣಿವೆಯ ನೀರು ತಿರುಗಿತು, ಒಬ್ಬರನ್ನೂ ಕೇಳಲಿಲ್ಲ. ಅಚ್ಚುಕಟ್ಟು ಸೈಟಾಯಿತು. ಅಚ್ಚುಕಟ್ಟೇ ಇಲ್ಲದ ಕೆರೆ ಯಾಕೆ ಎಂದರು. ನಗರದ ಹಲವು ಕೆರೆಯಂಗಳಗಳಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ತಾನೇ ಬಡಾವಣೆ ಮಾಡಿ ಹಂಚಿತು. ಕೆರೆಗಳನ್ನು ಉಳಿಸಿ ಎಂದು ಸರ್ಕಾರವೇ ನೇಮಿಸಿದ ಲಕ್ಷ್ಮಣ ರಾವ್ ಸಮಿತಿ 1980ರ ದಶಕದಲ್ಲೇ ಹೇಳಿತ್ತು. ಜೆ.ಪಿ. ನಗರದ ಸಾರಕ್ಕಿ ಕೆರೆ 80 ಎಕರೆಗೂ ಮಿಕ್ಕಿದ್ದು. ಆದರೂ ಅದರಲ್ಲಿ 30ಕ್ಕೂ ಹೆಚ್ಚು ಎಕರೆ ನುಂಗಿದ್ದರು. 2015ರ ಏಪ್ರಿಲ್‌ನಲ್ಲಿ ಒತ್ತುವರಿ ತೆರವಿಗೆ ಜೆಸಿಬಿ ಬಂದಾಗ ಸಾಲ ಮಾಡಿ ಮನೆ ಕೊಂಡವರು ಬೀದಿಗೆ ಬಿದ್ದರು. ಕೆರೆಯನ್ನು ಕ್ರಯಪತ್ರ ಮಾಡಿ ಮಾರಿದವರು, ಅದಕ್ಕೆ ಮೊಹರು ಒತ್ತಿದವರು ಯಾವ ಬೀದಿಗೆ ಬಿದ್ದರು?

ನೀರು ಮಾತ್ರ ತನ್ನ ಹಳೆಯ ದಾರಿಯನ್ನು ಮರೆತಿಲ್ಲ. 2025ರ ಮೇ 19ರಂದು, ರಾತ್ರಿಯಿಡೀ ಸುರಿದ ಮಳೆಯ ಮರುದಿನ, ಬಿಟಿಎಂ 2ನೇ ಹಂತದ ಒಂದು ಅಪಾರ್ಟ್‌ಮೆಂಟ್‌ನ ನೆಲಮಾಳಿಗೆಗೆ ನುಗ್ಗಿದ್ದ ನೀರನ್ನು ಹೊರಹಾಕುವಾಗ ಕರೆಂಟು ಹೊಡೆದು ಇಬ್ಬರು ಸತ್ತರು. ಒಬ್ಬ ಇನ್ನೂ ಬಾಲಕ. ಮಳೆ ಜಾಸ್ತಿಯಾಯಿತು ಎಂದು ಹೇಳುವವರ ಮುಂದೆ ಆ ಮಗುವನ್ನು ನೆನೆದರೆ ನನ್ನ ರಕ್ತ ಕುದಿಯುತ್ತದೆ.

ಮಳೆನೀರಿನ ದಾರಿ ಕಟ್ಟಿ, ಅದೇ ದಾರಿಯಲ್ಲಿ ನಮ್ಮ ಕಕ್ಕಸಿನ ನೀರು ಹರಿಯಬಿಟ್ಟೆವು. ಬೆಳ್ಳಂದೂರು ಕೆರೆ ನೊರೆಯುಕ್ಕಿ, 2017ರಲ್ಲಿ, 2018ರಲ್ಲಿ ಹೊತ್ತಿ ಉರಿಯಿತು. ಕುಡಿಯಲು ಮಾತ್ರ ನೂರು ಕಿಲೋಮೀಟರ್ ದೂರದ ಕಾವೇರಿಯನ್ನು ಎತ್ತಿ ತರಿಸಿಕೊಳ್ಳುತ್ತೇವೆ. ಕಾವೇರಿ ಯೋಜನೆಯ 5ನೇ ಹಂತದ್ದೇ ದಿನಕ್ಕೆ 77.5 ಕೋಟಿ ಲೀಟರ್. ಬಳಸಿ ಬಿಟ್ಟ ಹೊಲಸನ್ನು ಕೋರಮಂಗಲ-ಚಲ್ಲಘಟ್ಟ ಕಣಿವೆಯಿಂದ ಪಂಪು ಮಾಡಿ ಕೋಲಾರದ ಕೆರೆಗಳಿಗೆ ಕಳಿಸುವ ಯೋಜನೆ ಬಂತು: ದಿನಕ್ಕೆ 44 ಕೋಟಿ ಲೀಟರ್, ನೂರಕ್ಕೂ ಹೆಚ್ಚು ಕೆರೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂದಾಗ ಅಲ್ಲಿನವರು ಸಂಭ್ರಮಿಸಿದರು. ತಿಂಗಳೊಳಗೆ ನೊರೆ ಎದ್ದಿತು, ಹೈಕೋರ್ಟ್ ತಡೆ ಕೊಟ್ಟಿತು. ಆಮೇಲೆ ಮತ್ತೆ ಹರಿಯಿತು, ಎರಡನೇ ಹಂತದ ಶುದ್ಧೀಕರಣವಷ್ಟೇ ಆದ ನೀರು. ಬತ್ತಿದ ಬೋರ್‌ವೆಲ್‌ಗಳು ಜೀವ ಪಡೆದವೆಂದು ರೈತರು ಹೇಳಿದರೆ ಅದನ್ನು ಅಲ್ಲಗಳೆಯುವ ಧೈರ್ಯ ನನಗಿಲ್ಲ. ಸಾವಿರ ಅಡಿ ಕೊರೆದೂ ನೀರು ಕಾಣದ ಸೀಮೆ ಅದು. ಬಾಯಾರಿದವನ ಬೊಗಸೆಗೆ ಕೊಚ್ಚೆ ಸುರಿದು, ಅವನು ಕೈ ಒಡ್ಡಿದ್ದನ್ನೇ ಒಪ್ಪಿಗೆ ಎಂದು ಬರೆದುಕೊಳ್ಳುವುದು ಯಾವ ನ್ಯಾಯ?

ಮೂರನೇ ಹಂತದ ಶುದ್ಧೀಕರಣವಾಗದ ಒಂದು ಹನಿಯೂ ಕೋಲಾರದ ಕೊಳವೆಗೆ ಇಳಿಯಬಾರದು. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂನ ಪ್ರತಿ ಗ್ರಾಮನಕ್ಷೆಯನ್ನು ವಾರ್ಡ್ ಕಚೇರಿಯ ಗೋಡೆಗೆ ಅಂಟಿಸಿ. ಯಾವ ಸರ್ವೆ ನಂಬರಿನ ಹಳ್ಳ, ಯಾವ ಬ-ಖರಾಬು (ಸಾರ್ವಜನಿಕ ಬಳಕೆಯ ಜಾಗದ) ಕಾಲುವೆ ಯಾರ ಕಾಂಪೌಂಡಿನೊಳಗಿದೆ ಎಂದು ಕೆಂಪು ಮಸಿಯಲ್ಲಿ ಬರೆಯಿರಿ. ಅದರ ಪಕ್ಕದಲ್ಲೇ ಅನುಮತಿ ಕೊಟ್ಟ ಅಧಿಕಾರಿಯ ಹೆಸರು, ರುಜುವಿನ ತಾರೀಖು.