ಚಾರ್ಜಿಂಗ್ ಕೇಂದ್ರ ಬರಲಿ, ಪಂಪ್‌ಸೆಟ್ಟಿನ ಲೈನಿಗೆ ಬೇಡ



ವಿದ್ಯುತ್ ವಾಹನವೆಂದರೆ ಪೇಟೆಯವರ ಷೋಕಿ ಎಂಬ ಮಾತು ಈಗ ಸಲ್ಲದು. ಡೇರಿಗೆ ಹಾಲು ಒಯ್ಯುವ ಸ್ಕೂಟರು, ಸಂತೆಗೆ ತರಕಾರಿ ತರುವ ಆಟೋ ಎರಡೂ ಬ್ಯಾಟರಿಯಿಂದ ಓಡಬಲ್ಲವು. ಕರ್ನಾಟಕವು 2017ರಲ್ಲಿಯೇ, ದೇಶದಲ್ಲೇ ಮೊದಲಿಗೆ, ವಿದ್ಯುತ್ ವಾಹನ ನೀತಿಯನ್ನು ಪ್ರಕಟಿಸಿತು. ಕೇಂದ್ರ ಸರ್ಕಾರವು 2024ರ ಪಿ.ಎಂ. ಇ-ಡ್ರೈವ್ ಯೋಜನೆಯಲ್ಲಿ ಚಾರ್ಜಿಂಗ್ ಕೇಂದ್ರಗಳಿಗೆಂದೇ 2,000 ಕೋಟಿ ರೂಪಾಯಿ ತೆಗೆದಿರಿಸಿತು. ಆದರೆ ಕೇಂದ್ರಗಳು ಎಲ್ಲಿ ಬರಬೇಕು, ಯಾವ ಲೈನಿನಿಂದ ವಿದ್ಯುತ್ ಪಡೆಯಬೇಕು ಎಂಬುದರಲ್ಲಿ ನಮ್ಮ ಮಾತೂ ನಡೆಯಬೇಕು.

ಹೆದ್ದಾರಿಗಳಲ್ಲಿ 25 ಕಿ.ಮೀ.ಗೊಂದು ಕೇಂದ್ರವಿರಬೇಕೆಂದು 2018ರ ಮಾರ್ಗಸೂಚಿ ಹೇಳಿತು. ದೂರವೊಂದನ್ನೇ ಅಳತೆಗೋಲಾಗಿಸಿದರೆ, ನಂಜನಗೂಡಿನ ಮೇಲೆ ಊಟಿ, ವಯನಾಡಿಗೆ ಹೋಗುವ ಕಾರುಗಳಿಗೆ ಅನುಕೂಲವಾದೀತು. ಹುಲ್ಲಹಳ್ಳಿ, ಮೂಗೂರು, ಬನ್ನೂರಿನವರ ಪಾಡೇನು?

ಈಗ ಒಂದು ಲೆಕ್ಕ ನೋಡಿ. 60 ಕಿಲೋವ್ಯಾಟಿನ ಒಂದು ಶೀಘ್ರ ಚಾರ್ಜರು ಸುಮಾರು 80 ಅಶ್ವಶಕ್ತಿಗೆ, ಅಂದರೆ 10 ಅಶ್ವಶಕ್ತಿಯ ಎಂಟು ಪಂಪ್‌ಸೆಟ್ಟುಗಳಿಗೆ ಸಮ. 63 ಕೆ.ವಿ.ಎ. ಟಿ.ಸಿ.ಗೆ ಇದೊಂದೇ ಪೂರ್ತಿ ಹೊರೆ. ಅದೇ ಟಿ.ಸಿ.ಯಲ್ಲಿ ನಿಮ್ಮ ಮೋಟಾರೂ ಇದ್ದರೆ ವೋಲ್ಟೇಜು ಕುಸಿದು ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ, ವೈಂಡಿಂಗು ಸುಡುತ್ತದೆ. ಸುಟ್ಟ ಮೋಟಾರು ಕಟ್ಟಿಸುವ ಖರ್ಚು ಕಾರಿನವನದಲ್ಲ, ನಿಮ್ಮದು. ಆದ್ದರಿಂದ ಶೀಘ್ರ ಚಾರ್ಜರಿಗೆ ಪ್ರತ್ಯೇಕ ಟಿ.ಸಿ. ಇರಲೇಬೇಕು. ಪಂಪ್‌ಸೆಟ್ಟಿನ ಲೈನಿನಿಂದ ಅದಕ್ಕೆ ವಿದ್ಯುತ್ ಕೊಡಕೂಡದು.

ಹಳ್ಳಿಗಳಿಗೆ ಇಂಥ ದೊಡ್ಡ ಯಂತ್ರವೇ ಬೇಕೆಂದೇನೂ ಇಲ್ಲ. ಸ್ಕೂಟರಿನ ಸಾಮಾನ್ಯ ಚಾರ್ಜರು ಎಳೆಯುವುದು ಹೆಚ್ಚುಕಡಿಮೆ ಒಂದು ಅಶ್ವಶಕ್ತಿಯಷ್ಟೇ. ರೈತರು ಹೇಗಿದ್ದರೂ ಕಾದು ನಿಲ್ಲುವ ಎ.ಪಿ.ಎಂ.ಸಿ. ಪ್ರಾಂಗಣ, ತಾಲ್ಲೂಕು ಕಚೇರಿ, ಬಸ್ ನಿಲ್ದಾಣಗಳಲ್ಲಿ ನಾಲ್ಕೈದು ಪ್ಲಗ್ಗುಗಳಿರುವ ನೆರಳಿನ ಜಾಗ ಮಾಡಿದರೆ ಹೆಚ್ಚು ಜನರಿಗೆ ಉಪಯೋಗ.

ಸ್ಥಳ ಆರಿಸುವಾಗ ನದಿಯನ್ನು ಮರೆಯಬಾರದು. 2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ, ನಂಜನಗೂಡಿನ ಮಲ್ಲನಮೂಲೆ ಮಠದ ಬಳಿ ಮೈಸೂರು ರಸ್ತೆಯೇ ಮುಳುಗಿತ್ತು. ಖಾಲಿ ಜಾಗವಿದೆಯೆಂದು ಸ್ನಾನಘಟ್ಟದ ಬದಿಯಲ್ಲಿ ಯಂತ್ರ ನಿಲ್ಲಿಸುವುದು ಅವಿವೇಕ. ಅಂತೆಯೇ, ತಿ. ನರಸೀಪುರದಲ್ಲಿ 1989ರಿಂದ ನಡೆದುಬಂದಿರುವ ಕುಂಭಮೇಳದ ಜನಸಂದಣಿಯನ್ನು ನೋಡಿ ಕಾಯಂ ಕೇಂದ್ರದ ಗಾತ್ರ ನಿರ್ಧರಿಸುವುದೂ ತರವಲ್ಲ. ಮೂರು ದಿನದ ಮೇಳಕ್ಕೆ ತಾತ್ಕಾಲಿಕ ಏರ್ಪಾಡು ಸಾಕು.

ನಿಮ್ಮೂರಿಗೆ ಕೇಂದ್ರ ಬರುವ ಸುದ್ದಿ ಕೇಳಿದೊಡನೆ ಗ್ರಾಮಸಭೆಯಲ್ಲಿ ಪ್ರಸ್ತಾಪಿಸಿ. ಅದು ಯಾವ ಟಿ.ಸಿ.ಯಿಂದ, ಎಷ್ಟು ಕಿಲೋವ್ಯಾಟ್ ಎಳೆಯಲಿದೆ ಎಂಬುದನ್ನು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಶಾಖಾ ಕಚೇರಿಯಿಂದ ಬರಹದಲ್ಲಿ ಕೇಳಿ ಪಡೆಯಿರಿ. ಕಂಬ ನೆಟ್ಟ ಮೇಲೆ ಲೈನು ಬದಲಿಸುವುದು ಸುಲಭವಲ್ಲ.