ಕಟ್ಟುವ ಮೊದಲೇ ನೋಡು

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದರು ಹಿರಿಯರು. ಕಟ್ಟಿದ ಮೇಲೆ ಕಂಡ ತಪ್ಪನ್ನು ತಿದ್ದಬೇಕಾದರೆ ಗೋಡೆ ಒಡೆಯಬೇಕು. ಒಡೆಸಲು ಹಣವಿಲ್ಲದವನು ಆ ತಪ್ಪಿನೊಳಗೇ ಬಾಳಬೇಕು. ಕಟ್ಟುವ ಮೊದಲೇ ನೋಡುವ ಉಪಾಯವೊಂದು ಈಗ ದೊರೆತಿದೆ. ವರ್ಚುಯಲ್ ರಿಯಾಲಿಟಿಯ ಕನ್ನಡಕವನ್ನು ಧರಿಸಿದವನು, ಇನ್ನೂ ನಕ್ಷೆಯಲ್ಲಿಯೇ ಇರುವ ಕಟ್ಟಡದೊಳಗೆ ನಿಂತಂತೆ ಸುತ್ತಲೂ ನೋಡಬಲ್ಲನು. ಆಗ್ಮೆಂಟೆಡ್ ರಿಯಾಲಿಟಿಯಲ್ಲಾದರೋ, ಮೇಸ್ತ್ರಿ ಸುಣ್ಣದ ಪುಡಿಯಿಂದ ಎಳೆದ ಗೆರೆಗಳೇ ಗೋಡೆಗಳಾಗಿ ಎದ್ದಂತೆ, ಬರಿಯ ನಿವೇಶನದ ಮೇಲೆಯೇ ಕಟ್ಟಡವು ಕಣ್ಣಿಗೆ ತೋರುತ್ತದೆ.

ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾನಿಲಯದಲ್ಲಿ 1987ರಲ್ಲಿ ಸಿದ್ಧವಾದ ಸಿಟರ್ಸನ್ ಹಾಲ್ ಎಂಬ ಕಟ್ಟಡವನ್ನೇ ನೋಡಿ. ಅದು ಏಳುವ ಮೊದಲೇ ಪ್ರೊ. ಫ್ರೆಡರಿಕ್ ಬ್ರೂಕ್ಸ್ ಮತ್ತು ಅವರ ಸಂಗಡಿಗರು ನಕ್ಷೆಗಳನ್ನು ಕಂಪ್ಯೂಟರಿಗೆ ಒಪ್ಪಿಸಿ, ಅದರೊಳಗೆ ಅಡ್ಡಾಡುವ ಏರ್ಪಾಟು ಮಾಡಿದರು. ಒಂದು ಅಡ್ಡಗೋಡೆಯಿಂದ ಜಾಗ ಇಕ್ಕಟ್ಟಾಗುವುದೆಂದು ಅಲ್ಲಿ ಕೆಲಸ ಮಾಡಬೇಕಾಗಿದ್ದವರಿಗೆ ಅನ್ನಿಸಿತು. ವಾಸ್ತುಶಿಲ್ಪಿಗಳು ಮೊದಲು ಒಪ್ಪಲಿಲ್ಲ. ತಾವೂ ಅಡ್ಡಾಡಿ ನೋಡಿದ ಮೇಲೆ ಒಪ್ಪಿದರು. ಗೋಡೆ ಕಾಗದದ ಮೇಲೆಯೇ ಸರಿಯಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ತಪ್ಪನ್ನು ಮೊದಲು ಕಂಡವರು ಅಲ್ಲಿ ದಿನವೂ ದುಡಿಯಬೇಕಾದವರು. ನಕ್ಷೆ ಓದುವುದು ಒಂದು ವಿದ್ಯೆ. ಅದು ಬಾರದವರು ಸಭೆಯಲ್ಲಿ ತಲೆಯಾಡಿಸಿ ಸಹಿ ಹಾಕುತ್ತಾರೆ. ಗ್ರಂಥಾಲಯದ ಅಟೆಂಡರ್, ಹಾಸ್ಟೆಲಿನ ಅಡಿಗೆಯವರು, ಗಾಲಿಕುರ್ಚಿಯಲ್ಲಿ ಬರುವ ವಿದ್ಯಾರ್ಥಿ—ಇವರನ್ನು ಆ ಸಭೆಗೆ ಕರೆಯುವವರೇ ಅಪರೂಪ. ಈ ಕನ್ನಡಕ ಇವರ ಕಣ್ಣಿಗೆ ಏರಿದಾಗಲೇ ಅದು ಸಾರ್ಥಕವೆಂದು ನನ್ನ ಅಭಿಪ್ರಾಯ.

ಆದರೂ ಕಂಡುದೆಲ್ಲವನ್ನೂ ನಂಬಬಾರದು. ಬೇಸಿಗೆಯ ಸೆಕೆಯನ್ನಾಗಲಿ, ಅಡಿಗೆಮನೆಯ ಹೊಗೆಯನ್ನಾಗಲಿ ಆ ನೋಟ ತಿಳಿಸಲಾರದು. ಇಂಥ ಕನ್ನಡಕದೊಳಗೆ ದೂರಗಳು ಇದ್ದುದಕ್ಕಿಂತ ಕಡಮೆಯಾಗಿ ತೋರುವುದುಂಟೆಂದು ಪ್ರಯೋಗಗಳು ತಿಳಿಸಿವೆ. ಆದುದರಿಂದ ಅಳತೆಯ ಟೇಪನ್ನು ಕೈಬಿಡುವಂತಿಲ್ಲ. ಬಣ್ಣ, ಹೊಳಪುಗಳನ್ನು ಮೊದಲೇ ತೋರಿಸಿದರೆ ಜನ ಅದಕ್ಕೆ ಮರುಳಾಗಿ ಬಾಗಿಲು ಎಲ್ಲಿರಬೇಕೆಂಬುದನ್ನೇ ಮರೆತಾರು. ಮೊದಲ ಹಂತದಲ್ಲಿ ಬರಿಯ ಗೋಡೆ, ಕಿಟಕಿ, ಮೆಟ್ಟಿಲುಗಳೇ ಸಾಕು.

ಸಾರ್ವಜನಿಕರ ಹಣದಿಂದ ಏಳುವ ಶಾಲೆ, ಆಸ್ಪತ್ರೆ, ಹಾಸ್ಟೆಲುಗಳನ್ನು, ತಳಪಾಯ ತೋಡುವ ಮುನ್ನ, ಬಳಸುವವರಿಗೆ ಹೀಗೆ ತೋರಿಸುವ ಪದ್ಧತಿ ಬರಬೇಕು. ಅವರು ಹೇಳಿದ್ದನ್ನು ಬರೆದಿಟ್ಟುಕೊಂಡು ಉತ್ತರವನ್ನೂ ಕೊಡಬೇಕು. ಕಲಾ ವಿದ್ಯಾರ್ಥಿಗಳಾದ ನಾವು ನಕ್ಷೆ ಬರೆಯಲಾರೆವು, ನಿಜ. ಆದರೆ ಆ ಗೋಡೆಗಳ ನಡುವೆ ಕುಳಿತು ಓದುವವರು ನಾವೇ. “ನಮಗೆ ಮೊದಲು ತೋರಿಸಿ” ಎಂದು ಕೇಳಲು ಅಷ್ಟು ಅರ್ಹತೆ ಸಾಲದೇ?