ಹತ್ತೊಂಬತ್ತರ ಹರೆಯ ಮತ್ತು ಧರ್ಮಬೋಧೆ

ಕಾಲೇಜಿನ ಆವರಣದಲ್ಲಿ ಧರ್ಮದ ಮಾತನ್ನು ಆಡಬಹುದೆ, ಆಡುವುದಾದರೆ ಯಾರು ಆಡಬೇಕು, ಹೇಗೆ ಆಡಬೇಕು ಎಂಬ ಚರ್ಚೆ ನಮ್ಮಲ್ಲಿ ಆಗಾಗ ಏಳುತ್ತದೆ. ಎದ್ದಷ್ಟೇ ಬೇಗ ಜಗಳವಾಗಿ ಮುಗಿದುಹೋಗುತ್ತದೆ. ಕ್ರೈಸ್ತಧರ್ಮದ ವಿಷಯದಲ್ಲಂತೂ ಈ ಜಗಳಕ್ಕೆ ಎರಡೇ ಪಕ್ಷಗಳಿರುವಂತೆ ತೋರುತ್ತದೆ. ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ ನಾಲ್ವರು ಹುಡುಗರು ಕೂಡಿ ಬೈಬಲ್ ಓದಿದರೆ ಅದರ ಹಿಂದೆ ಸಂಚೊಂದಿದೆ ಎನ್ನುವವರು ಒಂದು ಕಡೆ. ವರ್ಷದ ಕೊನೆಗೆ ಎಷ್ಟು ಮಂದಿ ಬಂದು ಕುಳಿತರೆಂಬ ಲೆಕ್ಕವೇ ಸೇವೆಯ ಅಳತೆಗೋಲು ಎನ್ನುವವರು ಇನ್ನೊಂದು ಕಡೆ. ನೋಡಿದರೆ ಇಬ್ಬರೂ ಎಣಿಸುವವರೇ. ಒಬ್ಬರು ಭಯದಿಂದ ಎಣಿಸುತ್ತಾರೆ, ಮತ್ತೊಬ್ಬರು ಹರ್ಷದಿಂದ. ಎಣಿಕೆಗೆ ಸಿಕ್ಕಿದ ಹುಡುಗ ಕೇಳಿದ ಪ್ರಶ್ನೆ ಯಾವುದು ಎಂಬುದರ ಕಡೆಗೆ ಇಬ್ಬರ ಗಮನವೂ ಹೋಗುವುದಿಲ್ಲ.

ಈ ಕಥೆ ಇಂದು ನಿನ್ನೆಯದಲ್ಲ. ೧೮೩೦ರ ಜುಲೈ ತಿಂಗಳಲ್ಲಿ ಅಲೆಕ್ಸಾಂಡರ್ ಡಫ್ ಎಂಬ ಇಪ್ಪತ್ತನಾಲ್ಕು ವಯಸ್ಸಿನ ಸ್ಕಾಟ್ಲೆಂಡಿನ ಪಾದ್ರಿ ಕಲ್ಕತ್ತೆಯಲ್ಲಿ ಇಂಗ್ಲಿಷ್ ಶಾಲೆಯನ್ನು ತೆರೆದಾಗ, ಅದಕ್ಕೆ ಜಾಗ ಒದಗಿಸಿಕೊಟ್ಟವರು ರಾಜಾ ರಾಮಮೋಹನ ರಾಯರು. ಮೊದಲ ದಿನ ಬೈಬಲ್ ಕೈಗೆ ಬಂದೊಡನೆ ಹುಡುಗರು ಹಿಂದೆಗೆದರು. ರಾಯರು ಅಲ್ಲಿಯೇ ಇದ್ದರು. ತಾನು ಕುರಾನನ್ನು ಓದಿಯೂ ಮುಸಲ್ಮಾನನಾಗಲಿಲ್ಲ, ಬೈಬಲನ್ನು ಓದಿಯೂ ಕ್ರೈಸ್ತನಾಗಲಿಲ್ಲ. ಓದಿರಿ, ಓದಿ ನೀವೇ ತೂಗಿ ನೋಡಿರಿ ಎಂಬರ್ಥದ ಮಾತುಗಳಿಂದ ಅವರನ್ನು ಸಮಾಧಾನಪಡಿಸಿದರಂತೆ. ಇದನ್ನು ನಮ್ಮ ವಿಚಾರವಂತರು ಉದಾರಬುದ್ಧಿಯ ನಿದರ್ಶನವೆಂದು ಉದಾಹರಿಸುವುದುಂಟು. ಉದಾರವೇನೋ ಹೌದು. ಆದರೆ ಓದಿದ್ದು ಓದುವವನನ್ನು ಹಿಡಿದುಕೊಂಡರೆ ಏನು ಗತಿ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಹಿಡಿದುಕೊಂಡದ್ದೂ ಉಂಟು. ಡಫ್‌ರ ಉಪನ್ಯಾಸಗಳನ್ನು ಕೇಳುತ್ತಿದ್ದ ಕೃಷ್ಣಮೋಹನ ಬ್ಯಾನರ್ಜಿ ೧೮೩೨ರಲ್ಲಿ ದೀಕ್ಷಾಸ್ನಾನ ಪಡೆದರು. ಹಿಂದೂ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಮಧುಸೂದನ ದತ್ತರು ೧೮೪೩ರಲ್ಲಿ ಕ್ರೈಸ್ತರಾಗಿ ಆ ಕಾಲೇಜನ್ನೇ ಬಿಡಬೇಕಾಯಿತು. ಮರುವರ್ಷವೇ, ೧೮೪೪ರಲ್ಲಿ, ನಮ್ಮ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯರು ದೀಕ್ಷೆ ಹೊಂದಿದರು. ಊರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಮೂವರಿಗೂ ಆಗ ವಯಸ್ಸು ಹತ್ತೊಂಬತ್ತರ ಆಸುಪಾಸು. ಮೂವರೂ ಮಡಿವಂತ ಮನೆಗಳಿಂದ ಇಂಗ್ಲಿಷ್ ವಿದ್ಯೆಗಾಗಿ ಹೊರಟವರು. ಈ ಹರೆಯದ ಸ್ವಭಾವವನ್ನು ಅಧ್ಯಾಪಕರಾದ ನಾವು ದಿನವೂ ಕಾಣುತ್ತೇವೆ: ಮನೆಯಿಂದ ತಂದ ನಂಬಿಕೆಗಳು ಸಡಿಲಗೊಂಡಿರುತ್ತವೆ, ಸ್ವಂತ ನಂಬಿಕೆಗಳು ಇನ್ನೂ ಬೇರೂರಿರುವುದಿಲ್ಲ. ಇಂಥ ಮನಸ್ಸಿನ ಬಾಗಿಲನ್ನು ತಟ್ಟುವುದು ಸುಲಭ. ಸುಲಭವೆಂದೇ ಅದು ಬಹಳ ಹೊಣೆಗಾರಿಕೆಯ ಕೆಲಸ.

ಕೌಂಡಿನ್ಯರ ಗುರು ಹರ್ಮನ್ ಮೋಗ್ಲಿಂಗರನ್ನು ಕನ್ನಡಿಗರು ‘ಮಂಗಳೂರು ಸಮಾಚಾರ’ದ ಸಂಪಾದಕರೆಂದು ಗೌರವದಿಂದ ನೆನೆಯುತ್ತಾರೆ, ಅವರು ಅದೇ ೧೮೪೩–೪೪ರಲ್ಲಿ ತರುಣರಿಗೆ ದೀಕ್ಷೆಯ ದಾರಿ ತೋರಿಸುತ್ತಿದ್ದರೆಂಬುದನ್ನು ಮಾತ್ರ ಸೌಕರ್ಯವಾಗಿ ಮರೆಯುತ್ತಾರೆ. ಎರಡು ಕೆಲಸಗಳನ್ನು ಮಾಡಿದ ಮನುಷ್ಯ ಒಬ್ಬನೇ. ೧೮೪೬ರಲ್ಲಿ ಅವರು ಶಿಷ್ಯನನ್ನು ಬಾಸೆಲ್‌ಗೆ ಕರೆದೊಯ್ದರು. ಕೌಂಡಿನ್ಯರು ಅಲ್ಲಿ ವ್ಯಾಸಂಗ ಮಾಡಿ ೧೮೫೧ರಲ್ಲಿ ಪಾದ್ರಿಯಾದರು. ಅದೇ ಅವಧಿಯಲ್ಲಿ, ೧೮೪೮ರಿಂದ ಮುಂದಕ್ಕೆ, ಮೋಗ್ಲಿಂಗರ ಸಂಪಾದಕತ್ವದಲ್ಲಿ ಮಂಗಳೂರಿನ ಕಲ್ಲಚ್ಚಿನಿಂದ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಹೊರಬಂದವು. ಕಲಿಸಲು ಬಂದವನು ಕಲಿಯತೊಡಗಿದ್ದನು. ಪರರ ಧರ್ಮಗ್ರಂಥವನ್ನು ಪಾಠಾಂತರಗಳ ಸಮೇತ ತಿದ್ದಿ ಅಚ್ಚುಹಾಕುವವನು ಅದನ್ನು ಬರಿಯ ಮೌಢ್ಯವೆಂದು ತಳ್ಳಿಹಾಕುವುದು ಕಷ್ಟ. ಆ ಕಷ್ಟವನ್ನು ಅವರು ಮೈಮೇಲೆ ಹಾಕಿಕೊಂಡರು.

ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ವಿಲಿಯಂ ಮಿಲ್ಲರ್ ಅವರು ಹಿಡಿದದ್ದು ಬೇರೆಯ ದಾರಿ. ೧೮೬೨ರಲ್ಲಿ ಬಂದ ಅವರು ನಾಲ್ಕು ದಶಕಗಳ ಕಾಲ ಆ ಸಂಸ್ಥೆಯನ್ನು ಬೆಳೆಸಿದರು. ಕಾಲೇಜಿನ ಗುರಿ ಒಬ್ಬೊಬ್ಬರನ್ನೇ ಮತಾಂತರಗೊಳಿಸುವುದಲ್ಲ. ಕ್ರೈಸ್ತ ಚಿಂತನೆ ಸಮಾಜದಲ್ಲೆಲ್ಲ ಮೆಲ್ಲನೆ ಹರಡುವಂತೆ ನೆಲವನ್ನು ಹದಗೊಳಿಸುವುದು ಎಂದು ಅವರು ವಾದಿಸಿದರು. ಇಷ್ಟು ಹಣ ಸುರಿದರೂ ದೀಕ್ಷೆಗಳೆಲ್ಲಿ ಎಂದು ಸ್ವಪಕ್ಷದವರೇ ಆಕ್ಷೇಪಿಸಿದರು. ಮಿಲ್ಲರ್ ಜಗ್ಗಲಿಲ್ಲ. ಅವರ ಧೈರ್ಯ ದೊಡ್ಡದು. ಆದರೂ ಈ ಸಿದ್ಧಾಂತದಲ್ಲಿ ಒಂದು ಅಪಾಯವಿತ್ತು ಎಂದೇ ನನ್ನ ಅಭಿಪ್ರಾಯ. ಹರಡುವುದೆಲ್ಲ ತೆಳುವಾಗುತ್ತದೆ. ೧೯೩೧ರಲ್ಲಿ ವರದಿಯೊಪ್ಪಿಸಿದ ಲಿಂಡ್ಸೆ ಆಯೋಗ ಭಾರತದ ಕ್ರೈಸ್ತ ಕಾಲೇಜುಗಳನ್ನು ಪರೀಕ್ಷಿಸಿ ನೋಡಿದಾಗ, ವಿಶ್ವವಿದ್ಯಾನಿಲಯದ ಪರೀಕ್ಷೆಗಳ ಭಾರದಡಿಯಲ್ಲಿ ಅವುಗಳ ಮೂಲೋದ್ದೇಶ ಕುಗ್ಗಿದ್ದುದೇ ಕಣ್ಣಿಗೆ ಬಿದ್ದಿತು.

ಅದೇ ಕಾಲೇಜಿಗೆ ೧೯೦೩ರಲ್ಲಿ ತತ್ತ್ವಶಾಸ್ತ್ರ ಬೋಧಿಸಲು ಬಂದ ಎ. ಜಿ. ಹಾಗ್ ಅವರ ರೀತಿ ಈ ಎರಡಕ್ಕಿಂತಲೂ ಭಿನ್ನ. ತಾನು ಮಾಡಿದ್ದನ್ನು ತಾನೇ ಉಣ್ಣಬೇಕೆಂಬ ಕರ್ಮಸಿದ್ಧಾಂತವನ್ನು ಅವರು ಅಂಧಶ್ರದ್ಧೆಯೆಂದು ನಗಲಿಲ್ಲ. ನ್ಯಾಯವನ್ನು ಕುರಿತ ಗಂಭೀರ ಚಿಂತನೆಯೆಂದು ಅದನ್ನು ಎತ್ತಿಕೊಂಡರು. ಒಬ್ಬನ ನೋವು ಇನ್ನೊಬ್ಬನಿಗಾಗಿ ಸಲ್ಲಬಲ್ಲದೆಂಬ ಕ್ರೈಸ್ತ ಭಾವನೆಯನ್ನು ಅದರ ಎದುರಿಗಿಟ್ಟು, ಎರಡನ್ನೂ ಒರೆಗೆ ಹಚ್ಚಿದರು. ಆ ಲೇಖನಗಳು ಮೊದಲು ಕಾಲೇಜಿನ ಪತ್ರಿಕೆಯಲ್ಲಿ ಬಂದು ೧೯೦೯ರಲ್ಲಿ ಪುಸ್ತಕವಾದವು. ಅವರ ತರಗತಿಯಲ್ಲಿ ಕುಳಿತವರಲ್ಲಿ ಸರ್ವಪಲ್ಲಿ ರಾಧಾಕೃಷ್ಣನ್ ಒಬ್ಬರು. ತಿರುಪತಿ, ವೆಲ್ಲೂರು, ಮದರಾಸು ಎಂದು ಹನ್ನೆರಡು ವರ್ಷ ಮಿಷನ್ ವಿದ್ಯಾಲಯಗಳಲ್ಲೇ ಓದಿದ ಈ ತರುಣನಿಗೆ, ಹಿಂದೂಧರ್ಮದ ಮೇಲಿನ ಕ್ರೈಸ್ತ ಟೀಕೆ ನಿದ್ದೆಗೆಡಿಸಿತು. ತನ್ನ ಧರ್ಮದಲ್ಲಿ ಜೀವಂತವಾದುದು ಯಾವುದು, ಸತ್ತುದು ಯಾವುದು ಎಂದು ಹುಡುಕಲು ಆ ಟೀಕೆಯೇ ತನ್ನನ್ನು ಪ್ರೇರಿಸಿತೆಂದು ಮುಂದೆ ಅವರೇ ಬರೆದಿದ್ದಾರೆ. ವೇದಾಂತಕ್ಕೆ ನೀತಿಯ ನೆಲೆಯಿಲ್ಲವೆಂಬ ಆಕ್ಷೇಪಕ್ಕೆ ೧೯೦೮ರಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ, ಎಂ.ಎ. ಪದವಿಗಾಗಿ ಬರೆದ ಪ್ರಬಂಧವೇ ಅವರ ಉತ್ತರ. ಅದನ್ನು ಮೆಚ್ಚಿ ಪ್ರಶಂಸೆಯ ಪತ್ರ ಬರೆದುಕೊಟ್ಟವರು ಯಾರು? ಹಾಗ್ ಅವರೇ! ಹತ್ತು ವರ್ಷಗಳ ಅನಂತರ ಆ ವಿದ್ಯಾರ್ಥಿ ಮೈಸೂರಿನ ಮಹಾರಾಜಾ ಕಾಲೇಜಿಗೆ ಪ್ರಾಧ್ಯಾಪಕರಾಗಿ ಬಂದದ್ದೂ, ೧೯೨೧ರಲ್ಲಿ ಅವರು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಗಾಡಿಗೆ ತಾವೇ ಹೆಗಲುಕೊಟ್ಟು ರೈಲುನಿಲ್ದಾಣಕ್ಕೆ ಎಳೆದುಕೊಂಡು ಹೋದದ್ದೂ ವಾಚಕರಿಗೆ ತಿಳಿದ ಸಂಗತಿ.

ಎಣಿಸುವವರ ಲೆಕ್ಕದ ಪುಸ್ತಕದಲ್ಲಿ ಈ ಪ್ರಕರಣವನ್ನು ಯಾವ ಅಂಕಣಕ್ಕೆ ಬರೆಯಬೇಕು? ದೀಕ್ಷೆಯಾಗಲಿಲ್ಲವಾದ್ದರಿಂದ ಸೋಲೆ? ನನಗೆ ಹಾಗೆ ಕಾಣುವುದಿಲ್ಲ. ಹಾಗ್ ಅವರು ತಮ್ಮ ನಂಬಿಕೆಯನ್ನು ಮರೆಮಾಚಲಿಲ್ಲ, ಅದನ್ನು ವಿದ್ಯಾರ್ಥಿಯ ತಲೆಯ ಮೇಲೆ ಹೊರಿಸಲೂ ಇಲ್ಲ. ಅವನು ಎದುರುತ್ತರ ಕೊಡುವಷ್ಟು ಬಲವಾಗಿ ಅದನ್ನು ಮುಂದಿಟ್ಟರು.

ಇದನ್ನು ಬರೆಯುವಾಗ ನಮ್ಮ ಕನ್ನಡ ತರಗತಿಗಳ ನೆನಪಾಗಿ ಸ್ವಲ್ಪ ನಾಚಿಕೆಯಾಗುತ್ತದೆ. ಕನ್ನಡ ಸಾಹಿತ್ಯವನ್ನು ಕಲಿಸುವವನು ಬೇಡವೆಂದರೂ ಧರ್ಮಗಳ ನಡುವೆಯೇ ಓಡಾಡಬೇಕು: ಜೈನರ ಪಂಪ, ಶಿವಶರಣರ ವಚನ, ಹರಿದಾಸರ ಕೀರ್ತನೆ. ಆದರೆ ಆದಿಪುರಾಣದಲ್ಲಿ ನೀಲಾಂಜನೆ ನರ್ತಿಸುತ್ತಿರುವಾಗಲೇ ಮಾಯವಾಗುವ ಪ್ರಸಂಗ ಬಂದರೆ, ರಸ ಯಾವುದು, ಅಲಂಕಾರ ಯಾವುದು ಎಂದು ಕೇಳಿ ಮುಂದಿನ ಪದ್ಯಕ್ಕೆ ಹೋಗುತ್ತೇವೆ. ಆ ನರ್ತನವನ್ನು ನೋಡಿ ಒಬ್ಬ ಅರಸ ರಾಜ್ಯವನ್ನೇ ಬಿಟ್ಟುಹೋದನಲ್ಲ, ಅದು ನಿಜವಾದರೆ ನಮ್ಮ ಗತಿಯೇನು ಎಂದು ಕೇಳುವ ಹುಡುಗನಿಗೆ ಅಲ್ಲಿ ಎಡೆಯಿಲ್ಲ. ರಾಮಮೋಹನ ರಾಯರು ಕೊಟ್ಟ ಅಭಯವನ್ನು ನಾವು ಬಹಳ ಚೆನ್ನಾಗಿ ಪಾಲಿಸಿದ್ದೇವೆ: ಯಾವುದನ್ನು ಓದಿದರೂ ಯಾರಿಗೂ ಏನೂ ಆಗದು!

ಇನ್ನು ಈಗಿನ ಸ್ಥಿತಿ. ೧೮೯೫ರಲ್ಲಿ ಸ್ವೀಡನ್ ದೇಶದಲ್ಲಿ ಹುಟ್ಟಿದ ವಿಶ್ವ ವಿದ್ಯಾರ್ಥಿ ಕ್ರೈಸ್ತ ಒಕ್ಕೂಟ, ೧೯೧೨ರಲ್ಲಿ ಭಾರತದಲ್ಲಿ ರೂಪುಗೊಂಡ ವಿದ್ಯಾರ್ಥಿ ಕ್ರೈಸ್ತ ಚಳವಳಿ, ೧೯೫೪ರಲ್ಲಿ ಬಂದ ಸುವಾರ್ತಾ ವಿದ್ಯಾರ್ಥಿ ಒಕ್ಕೂಟ, ಇವೆಲ್ಲ ಈ ಕ್ಷೇತ್ರದಲ್ಲಿ ದುಡಿದ ಸಂಸ್ಥೆಗಳು. ಅವುಗಳ ಒಳಭೇದಗಳು ನಮಗಿಲ್ಲಿ ಬೇಡ. ವಿದ್ಯಾರ್ಥಿನಿಲಯದ ಸಣ್ಣ ಪ್ರಾರ್ಥನಾಕೂಟಕ್ಕೆ ಬರುವವರಲ್ಲಿ ದೂರದ ಹಳ್ಳಿಗಳಿಂದ ಬಂದು ನಗರದಲ್ಲಿ ಒಂಟಿಯಾದವರು ಹಲವರು. ಅವರಿಗೆ ಜ್ವರ ಬಂದಾಗ ಗಂಜಿ ಕೊಡುವವನು, ಶುಲ್ಕಕ್ಕೆ ಕೈಸಾಲ ಕೊಡುವವನು ಒಳ್ಳೆಯವನು. ಆದರೆ ಗಂಜಿ ಉಂಡವನ ನಾಲಗೆ ಪ್ರಶ್ನೆ ಕೇಳಲು ಅಳುಕುತ್ತದೆ. ಈ ಕೂಟಗಳನ್ನು ಅಳೆಯಲು ನನಗೆ ತೋರುವ ಪರೀಕ್ಷೆ ಒಂದೇ: ಇವತ್ತು ‘ನಾನು ಒಪ್ಪುವುದಿಲ್ಲ’ ಎಂದ ಹುಡುಗನಿಗೆ ನಾಳೆಯೂ ಅದೇ ಗಂಜಿ, ಅದೇ ನಗುಮುಖ ಸಿಗುತ್ತದೆಯೆ? ಸಿಗುವುದಾದರೆ ಹೊರಗಿನವರು ಬಾಗಿಲಿಗೆ ಕಿವಿಯಿಟ್ಟು ಕೇಳುವ ಅಗತ್ಯವಿಲ್ಲ. ಸರ್ಕಾರದ ಮನ್ನಣೆ ಅಥವಾ ನೆರವು ಪಡೆದ ವಿದ್ಯಾಲಯದಲ್ಲಿ ಒಪ್ಪಿಗೆಯಿಲ್ಲದೆ ಯಾರನ್ನೂ ಧರ್ಮಬೋಧೆಗೆ ಕೂರಿಸಬಾರದೆಂದು ಸಂವಿಧಾನದ ೨೮ನೆಯ ವಿಧಿ ಸ್ಪಷ್ಟವಾಗಿ ಹೇಳಿದೆ. ಒಪ್ಪಿ ಕುಳಿತವನನ್ನು ಎಬ್ಬಿಸಬೇಕೆಂದು ಅದು ಎಲ್ಲಿಯೂ ಹೇಳಿಲ್ಲ.

ಈ ಗದ್ದಲದಲ್ಲಿ ಎಲ್ಲರೂ ಮರೆತಿರುವುದು ಕ್ರೈಸ್ತ ಮನೆಗಳಿಂದಲೇ ಬರುವ ವಿದ್ಯಾರ್ಥಿಗಳನ್ನು. ಧರ್ಮವೆಂಬುದು ಅವರಲ್ಲಿ ಅನೇಕರಿಗೆ ಹೆಸರಿನೊಡನೆ ಬಂದ ಆಸ್ತಿ. ಮಿಷನ್ ಕಾಲೇಜು ಅವರಿಗೆ ಸೀಟು ಕೊಡುತ್ತದೆ, ನೀತಿಪಾಠದ ಒಂದು ನೀರಸ ಗಂಟೆಯನ್ನೂ ಕೊಡುತ್ತದೆ. ತಮ್ಮ ಗ್ರಂಥವನ್ನು ಪಂಪನನ್ನೋ ಕುಮಾರವ್ಯಾಸನನ್ನೋ ಓದುವಷ್ಟು ಶ್ರದ್ಧೆಯಿಂದ ಓದಿಸುವವರನ್ನು ಮಾತ್ರ ಕೊಡುವುದಿಲ್ಲ. ಒಮ್ಮೆ ನಾನು ರಾಘವಾಂಕನ ಹರಿಶ್ಚಂದ್ರಕಾವ್ಯವನ್ನು ಪಾಠಮಾಡುತ್ತಿದ್ದೆ. ಇಂದ್ರಸಭೆಯಲ್ಲಿ ವಸಿಷ್ಠ ವಿಶ್ವಾಮಿತ್ರರ ನಡುವೆ ಪಂಥ ಕಟ್ಟಿದ ಭಾಗ ಮುಗಿದಿತ್ತು. ಹಿಂದಿನ ಸಾಲಿನಲ್ಲಿ ವರ್ಷವೆಲ್ಲ ಬಾಯಿಬಿಡದೆ ಕುಳಿತಿದ್ದ ಕ್ರೈಸ್ತ ಹುಡುಗನೊಬ್ಬ ಎದ್ದು, ತಮ್ಮ ಬೈಬಲಿನಲ್ಲಿ ಯೋಬನೆಂಬವನ ಕಥೆಯೂ ಹೀಗೆಯೇ ಆರಂಭವಾಗುತ್ತದೆ ಎಂದ. ಅಲ್ಲಿಯೂ ಮೇಲೆ ಪಂಥ, ಕೆಳಗೆ ಏನೂ ಅರಿಯದ ಸತ್ಪುರುಷನಿಗೆ ಸಂಕಟ. ‘ಆದರೆ ಯೋಬ ದೇವರನ್ನೇ ನಿಲ್ಲಿಸಿ ನ್ಯಾಯ ಕೇಳುತ್ತಾನೆ. ಹರಿಶ್ಚಂದ್ರ ಯಾಕೆ ಕೇಳುವುದಿಲ್ಲ, ಸಾರ್?’ ಎಂದ. ಕರ್ಮವನ್ನು ನಂಬಿದವನು ಹೇಗೆ ಕೇಳಿಯಾನು ಎಂದು ಮುಂದಿನ ಸಾಲಿನ ಹುಡುಗಿಯೊಬ್ಬಳು ತಿರುಗಿ ನೋಡದೆಯೇ ಉತ್ತರ ಕೊಟ್ಟಳು. ಅಷ್ಟರಲ್ಲಿ ಗಂಟೆ ಬಾರಿಸಿತು. ಮರುದಿನದ ತರಗತಿ ಷಟ್ಪದಿಯ ಲಕ್ಷಣಕ್ಕೆ ಸಲ್ಲಬೇಕಾಗಿತ್ತು. ಅದೂ, ಅದರ ಮರುದಿನದ್ದೂ, ಅವರಿಬ್ಬರ ವಾದಕ್ಕೇ ಸಂದವು.